ಹಾವಿಗೊಂದು ಬೆಚ್ಚನೆಯ ಗೂಡು

"ವಿಮಾನದ ಹೊಟ್ಟೇನೇ ಹದವಾಗಿ ಬಿಸಿ ಇಡೋನು ನಾನು! ಎರಡು ಹಾವಿನ ಹೊಟ್ಟೆ ಬೆಚ್ಚಗಿಡೋದು ಯಾವ ಮಹಾ ಕೆಲಸ!"

ಸ್ವೀಡನ್ನಿನ ಲಿಂಕೋಪಿಂಗ್‌ನ ತನ್ನ ಅಪಾರ್ಟ್‌ಮೆಂಟಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ವಿಮಾನ ಕಂಪನಿಯ ಇಂಜಿನಿಯರ್ ಪ್ರಹ್ಲಾದ ಹೀಗೆ ಘೋಷಿಸಿದಾಗ ಕೇಳಲು ಇದ್ದವರು ಮೂವರು: ಹೆಂಡತಿ ಶಕುಂತಲಾ, ಮತ್ತು ಗಾಜಿನ ಪೆಟ್ಟಿಗೆಗಳಲ್ಲಿ ಸುರುಳಿ ಸುತ್ತಿ ಮಲಗಿದ್ದ ಕನೆಲ್ ಹಾಗೂ ಬುಲ್ಲೆ ಎಂಬ ಎರಡು ಹಾವುಗಳು. ಹಾವುಗಳಿಗೆ ಕಿವಿಯಿಲ್ಲ. ಶಕುಂತಲಾಗೆ ಇದ್ದವು, ಆದರೆ ಇಷ್ಟು ವರ್ಷದ ಸಂಸಾರದಲ್ಲಿ ಬೇಕಾದಾಗ ಅವನ್ನು ಮುಚ್ಚಿಕೊಳ್ಳುವುದನ್ನು ಆಕೆ ಕಲಿತಿದ್ದಳು.

ಹಾವುಗಳು ಮಗಳು ಅವನಿಯವು. ಕಾರ್ನ್ ಸ್ನೇಕ್ ಜಾತಿ. ಕಿತ್ತಳೆ ಬಣ್ಣ, ವಿಷವಿಲ್ಲ, ಸಿಟ್ಟೂ ಇಲ್ಲ. ಫಿಕಾ ಎಂಬ ಸ್ವೀಡಿಷ್ ಕಾಫಿ ಬಿಡುವಿನಲ್ಲಿ ತಿನ್ನುವ ದಾಲ್ಚಿನ್ನಿ ಬನ್ನು 'ಕನೆಲ್‌ಬುಲ್ಲೆ'ಯ ಹೆಸರನ್ನೇ ಎರಡು ತುಂಡು ಮಾಡಿ ಅವಕ್ಕೆ ಇಟ್ಟಿದ್ದಳು. ಸ್ವೀಡನ್ನಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಮತ್ತೇನು ನಾಗರಾಜ, ನಾಗಮಣಿ ಅಂತ ಇಡುತ್ತಾಳೆಯೇ! ಶಕುಂತಲಾ ಮಾತ್ರ ಅವುಗಳ ಮುಂದೆ ಹಾದುಹೋಗುವಾಗೆಲ್ಲ ಕೈಮುಗಿಯುತ್ತಿದ್ದಳು. "ಅವರದ್ದು ಊಟ ಆಯ್ತಾ?" ಎಂದು ಬಹುವಚನದಲ್ಲಿ ವಿಚಾರಿಸುತ್ತಿದ್ದಳು. ಅವರ ಊಟವೆಂದರೆ ಇಲಿ. ಅದು ಫ್ರೀಜರಿನಲ್ಲಿ ತೆಂಗಿನತುರಿಯ ಪಕ್ಕದಲ್ಲೇ ಹೆಪ್ಪುಗಟ್ಟಿ ಮಲಗಿರುತ್ತಿತ್ತು. ಆಕೆ ಅದನ್ನೂ ನುಂಗಿಕೊಂಡಿದ್ದಳು, ಅಂದರೆ ಆ ಸಂಕಟವನ್ನು.

ಅವನಿ ಓದಲು ಯೋನ್‌ಶೋಪಿಂಗ್‌ಗೆ ಹೋದಳು. ವಿದ್ಯಾರ್ಥಿಗಳ ರೂಮಿನಲ್ಲಿ ಪ್ರಾಣಿ ಸಾಕುವಂತಿಲ್ಲ. ಹಾವುಗಳು ಅಪ್ಪ ಅಮ್ಮನ ಪಾಲಿಗೆ ಉಳಿದವು. ಅಷ್ಟರಲ್ಲಿ ನವೆಂಬರ್ ಬಂತು. ಗಾಜಿನ ಪೆಟ್ಟಿಗೆಯ ಬಿಸಿ ದೀಪಗಳು ಹಳತಾಗಿ ಮನಸ್ಸು ಬಂದಾಗ ಆರತೊಡಗಿದವು. ಅವನಿ ಫೋನ್ ಮಾಡಿದಳು.

"ಅಪ್ಪ, ಇದು ಸೇಫ್ ಅಲ್ಲ. ಲೀನಾ ಮನೇಲಿ ಪ್ರಾಪರ್ ಸೆಟಪ್ ಇದೆ. ಶನಿವಾರ ನಾನೂ ಅವಳೂ ಬಂದು ಹಾವು ತಗೊಂಡು ಹೋಗ್ತೀವಿ, ಓಕೆ?"

ಲೀನಾ ಈಗ ಯೋನ್‌ಶೋಪಿಂಗ್‌ನಲ್ಲೇ ಮನೆ ಮಾಡಿರುವ ಗೆಳತಿ. ಶಾಲೆಯಿಂದಲೂ ಅವನಿಯ ಜೊತೆ ಹಲ್ಲಿ, ಹಾವು ಅಂತ ತಿರುಗಿದವಳು. ಪ್ರಹ್ಲಾದನ ಎದೆ ಧಸಕ್ಕೆಂದಿತು. ಹಾವಿನ ಮೇಲಿನ ಪ್ರೀತಿಯಿಂದಲ್ಲ! ಅವನಿ ಪ್ರತಿ ಶನಿವಾರ ಬಸ್ಸು ಹತ್ತಿ ಮನೆಗೆ ಬರುತ್ತಿದ್ದುದೇ ಹಾವು ನೋಡಲು. ಬಂದವಳು ಮೊದಲು ಹಾವಿನ ಕೋಣೆಗೆ ನುಗ್ಗುತ್ತಿದ್ದಳು, ಆಮೇಲೆ ಅಪ್ಪನತ್ತ ಕೈ ಬೀಸುತ್ತಿದ್ದಳು. ಹಾವು ಹೋದರೆ ಆ ಬೀಸುವ ಕೈಯೂ ಹೋದಂತೆ. ಇದನ್ನು ಬಾಯಿಬಿಟ್ಟು ಹೇಳಲಾಗದೆ ಅವನು, "ಬೇಡ ಕಣೇ! ನಾನೇ ಹೊಸ ಗೂಡು ಕಟ್ತೀನಿ. ಲೀನಾ ಬಂದು ಪರೀಕ್ಷೆ ಮಾಡ್ಲಿ. ಅವಳು ಪಾಸ್ ಮಾಡಿದ್ರೆ ಹಾವು ಇಲ್ಲೇ ಇರಲಿ," ಎಂದ.

ರಜೆ ಹಾಕಿದ. ಹಲಗೆ ಬಂತು, ಪ್ಲಾಸ್ಟಿಕ್ ಡಬ್ಬಗಳು ಬಂದವು, ಬಿಸಿಯಾಗುವ ಕೇಬಲ್ ಬಂತು, ಥರ್ಮೋಸ್ಟಾಟ್ ಬಂತು. ಮನೆತುಂಬ ತುಂಡು ವೈರುಗಳು ಹರಡಿಕೊಂಡವು. ಶಕುಂತಲಾ ಬೆಳಗ್ಗೆ ಎದ್ದು ಸಕ್ಕರೆ ಡಬ್ಬಿ ತೆಗೆದರೆ ಅದರಲ್ಲೂ ವೈರು. ಭಾನುವಾರ ಡ್ರಿಲ್ ಶುರುವಾದಾಗ ಕೆಳಮನೆಯಾತ ಬಂದು ಮುಗುಳ್ನಕ್ಕು, "ಏನೋ ಕಟ್ಟುತ್ತಿದ್ದೀರಿ ಅಂತ ಕಾಣುತ್ತೆ?" ಎಂದು ಸ್ವೀಡಿಷ್‌ನಲ್ಲಿ ಕೇಳಿ ಹೋದ. ಆ ದೇಶದಲ್ಲಿ ಇದಕ್ಕಿಂತ ಘೋರವಾದ ಬೈಗುಳ ಇನ್ನೊಂದಿಲ್ಲ.

ಅಂತೂ ಗೂಡು ಎದ್ದು ನಿಂತಿತು. ಸ್ವಲ್ಪ ಎಡಕ್ಕೆ ವಾಲಿತ್ತು.

"ಮೂರು ಅಂತಸ್ತು! ಮೇಲೆ ಕನೆಲ್, ನಡುವೆ ಬುಲ್ಲೆ, ಕೆಳಗೆ ಖಾಲಿ," ಎಂದ ಪ್ರಹ್ಲಾದ.

"ಖಾಲಿ ಯಾಕೆ?"

"ಮುಂದಿನ ವಿಸ್ತರಣೆಗೆ."

"ಮೂರನೇ ಹಾವು ತರೋ ಯೋಚನೆ ಇದ್ರೆ ನನಗೂ ಯೋನ್‌ಶೋಪಿಂಗ್‌ನಲ್ಲಿ ಒಂದು ರೂಮ್ ನೋಡಿ. ಅದಿರ್ಲಿ, ಡಬ್ಬಗಳಿಗೆ ಮುಚ್ಚಳ ಎಲ್ರೀ?"

"ಮೇಲಿನ ಹಲಗೇನೇ ಮುಚ್ಚಳ! ಡಬ್ಬ ಡ್ರಾಯರ್ ಥರ ಒಳಗೆ ಹೋಗಿ ಕೂರತ್ತೆ. ಉಸಿರಾಡೋಕೆ ತೂತು ಕೊರೆದಿದ್ದೀನಿ. ಅದೇ ಡಿಸೈನು!"

"ಹಲಗೆ ಬಿಸಿಗೆ ಸೊಟ್ಟ ಆದ್ರೆ?"

"ಇಪ್ಪತ್ತೊಂಬತ್ತು ಡಿಗ್ರಿಗೆ ಯಾವ ಹಲಗೆ ಸೊಟ್ಟ ಆಗತ್ತೆ? ಥರ್ಮೋಸ್ಟಾಟ್ ಇದೆಯಲ್ಲ. ನೀನು ಇಷ್ಟು ದಾಟಬೇಡ ಅಂದ್ರೆ ಅದು ದಾಟಲ್ಲ."

"ಈ ಮನೇಲಿ ಹೇಳಿದ ಮಾತು ಕೇಳೋರು ಒಬ್ಬರಾದ್ರೂ ಬಂದ್ರಲ್ಲ," ಎಂದಳು ಶಕುಂತಲಾ.

ಥರ್ಮೋಸ್ಟಾಟಿಗೆ ಬಿಸಿ ಎಷ್ಟಿದೆಯೆಂದು ಹೇಳುವ ಸೆನ್ಸರ್ ಒಂದು ಸಣ್ಣ ಕರಿ ವೈರು. ಹಾವಿನ ಡಬ್ಬದಲ್ಲಿಟ್ಟರೆ ಅವು ಎಳೆದಾಡುತ್ತವೆಂದು ಪ್ರಹ್ಲಾದ ಅದನ್ನು ಕೆಳಗಿನ ಖಾಲಿ ಡಬ್ಬದೊಳಗೆ ಇಳಿಬಿಟ್ಟ. ಹಾವುಗಳನ್ನು ಹೊಸ ಮನೆಗೆ ಪ್ರವೇಶ ಮಾಡಿಸಿದ. ಥರ್ಮೋಸ್ಟಾಟಿನ ಪರದೆಯ ಮೇಲೆ ಇಪ್ಪತ್ತೊಂಬತ್ತು ಎಂಬ ಅಂಕಿ ಅಲುಗಾಡದೆ ನಿಂತಿತು. ಪ್ರಹ್ಲಾದ ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದ. ಅವಳು ಒಂದು ಹೆಬ್ಬೆರಳು ಕಳಿಸಿದಳು. ಆ ಹೆಬ್ಬೆರಳನ್ನು ಅವನು ದಿನವಿಡೀ ತೆಗೆದು ತೆಗೆದು ನೋಡಿದ.

ಆ ಅಂಕಿಯನ್ನು ಶಕುಂತಲಾ ಕೂಡ ನೋಡಿದಳು. ಅವಳ ಹೊಟ್ಟೆ ಉರಿಯಿತು!

ಕಾರಣ ಹೇಳಬೇಕು. ಶಕುಂತಲಾ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಂಶೋಧಕಿ. ಎಂಥೆಂಥ ಹಠಮಾರಿ ಸೂಕ್ಷ್ಮಾಣುಗಳೂ ಅವಳ ಕೈಯಲ್ಲಿ ಪೊಗದಸ್ತಾಗಿ ಬೆಳೆಯುತ್ತವೆ. ಆದರೆ ಮನೆಯ ದೋಸೆ ಹಿಟ್ಟು ಮಾತ್ರ ಸ್ವೀಡನ್ನಿನ ಚಳಿಗಾಲದಲ್ಲಿ ಒಮ್ಮೆಯೂ ಉಬ್ಬಿರಲಿಲ್ಲ. ಓವನ್ನಿನ ದೀಪ ಹಚ್ಚಿಟ್ಟು ನೋಡಿದ್ದಳು, ಕಂಬಳಿ ಹೊದಿಸಿದ್ದಳು, ರೇಡಿಯೇಟರಿಗೆ ಒರಗಿಸಿದ್ದಳು. ಹಿಟ್ಟು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಪಾತ್ರೆಯ ತಳದಲ್ಲೇ ಕೂತಿರುತ್ತಿತ್ತು. ಈಗ ನೋಡಿದರೆ ಇಲಿ ತಿನ್ನುವ ಹಾವಿಗೆ ಮೈಸೂರಿನ ಏಪ್ರಿಲ್ ತಿಂಗಳು, ಅವಳ ಹಿಟ್ಟಿಗೆ ಹದಿನೆಂಟು ಡಿಗ್ರಿ!

ಶುಕ್ರವಾರ ಸಂಜೆ ಅವಳು ರುಬ್ಬಿದ ಹಿಟ್ಟಿನ ಪಾತ್ರೆಯನ್ನು ತಂದು, ಮೇಲಿನವರಿಗೆ ಕೈಮುಗಿದು, ಸದ್ದಿಲ್ಲದೆ ಕೆಳಗಿನ ಅಂತಸ್ತಿನ ಖಾಲಿ ಡಬ್ಬದಲ್ಲಿ ಇಟ್ಟುಬಿಟ್ಟಳು.

ಶನಿವಾರ ಬೆಳಗ್ಗೆ ಪ್ರಹ್ಲಾದ ಎದ್ದು ನೋಡುತ್ತಾನೆ, ಪರದೆಯಲ್ಲಿ ಹನ್ನೊಂದು! ಅಯ್ಯೋ, ಹಾವುಗಳು ಸೆಟೆದುಹೋಗುತ್ತವೆ! ಶಕುಂತಲಾ ಕೊತ್ತಂಬರಿ ಸೊಪ್ಪು ತರಲು ಅಂಗಡಿಗೆ ಹೋಗಿದ್ದಳು. ಅವನು ಥರ್ಮೋಸ್ಟಾಟನ್ನು ತುದಿಯವರೆಗೆ ತಿರುಗಿಸಿದ. ಅಂಕಿ ಹನ್ನೊಂದೇ. ತನ್ನ ರಜಾಯಿ ತಂದು ಗೂಡಿಗೆ ಸುತ್ತಲೂ ಹೊದಿಸಿದ. ಅಂಕಿ ಹತ್ತಕ್ಕೆ ಇಳಿಯಿತು! ಡಬ್ಬ ಎಳೆದು ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವನು ಇಂಜಿನಿಯರು, ಎದುರಿಗೆ ಅಂಕಿ ಇರುವಾಗ ವಸ್ತುವನ್ನು ಮುಟ್ಟಿ ನೋಡುವ ಅಭ್ಯಾಸವಿರಲಿಲ್ಲ. ಹುಡುಗಿಯರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಓಡಿದ.

ಅವನಿ, ಲೀನಾ ಬಂದರು. ಶಕುಂತಲಾಳೂ ಸೊಪ್ಪು ಹಿಡಿದು ಬಂದಳು. ಪ್ರಹ್ಲಾದ ಮುಖದಲ್ಲಿ ಉದ್ಘಾಟನೆಯ ಕಳೆ ತಂದುಕೊಂಡು ರಜಾಯಿ ಸರಿಸಿದ.

ಮೊದಲು ಕಂಡದ್ದು ಹಿಟ್ಟು. ಅದು ಪಾತ್ರೆ ದಾಟಿ, ಡಬ್ಬ ದಾಟಿ, ನೆಲಕ್ಕಿಳಿದು ಬಾಗಿಲ ಕಡೆಗೆ ಹೊರಟಿತ್ತು. ಹಲಗೆಗಳು ಬಿಲ್ಲಿನ ಹಾಗೆ ಬಾಗಿ, ಡಬ್ಬಗಳ ಮೇಲೆ ಕೈ ತೂರುವಷ್ಟು ಸಂದು ಬಿಟ್ಟಿದ್ದವು. ಮೇಲಿನ ಡಬ್ಬ ಖಾಲಿ. ನಡುವಿನದೂ ಖಾಲಿ.

"ಅಪ್ಪ," ಎಂದಳು ಅವನಿ. ಅವಳ ದನಿ ಬಲು ಸಣ್ಣಗಿತ್ತು. "ಕನೆಲ್ ಎಲ್ಲಿ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಮೊಣಕಾಲೂರಿ ಮಂಚದ ಕೆಳಗೆ ಹುಡುಕತೊಡಗಿದಳು. ಕಣ್ಣು ತುಂಬಿಕೊಂಡಿತ್ತು. ಪ್ರಹ್ಲಾದನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು; ಆದರೆ ನೆಲದ ತುಂಬ ಹಿಟ್ಟಿತ್ತು.

"ಹ್ಯಾರ್!" ಎಂದು ಲೀನಾ ಕೂಗಿದಳು. ಇಲ್ಲಿದೆ!

ಕನೆಲ್ ಕಿಟಕಿಯ ಕಟ್ಟೆಯ ಮೇಲಿತ್ತು. ಹಾವಿನ ವಾಸನೆ ಹೋಗಲೆಂದು ಶಕುಂತಲಾ ಆ ಕಿಟಕಿಯನ್ನು ಸದಾ ಬೆರಳಷ್ಟು ತೆರೆದಿಡುತ್ತಿದ್ದಳು. ಒಲೆಯಂತಾದ ಗೂಡಿನಿಂದ ತಪ್ಪಿಸಿಕೊಂಡು ತಂಪಿಗೆ ಬಂದ ಹಾವು, ಚಳಿಗೆ ಮಂದವಾಗಿ ಸಂದಿನ ಅಂಚಿನಲ್ಲೇ ಒರಗಿತ್ತು. ಇನ್ನೊಂದು ಗೇಣು ಹರಿದಿದ್ದರೆ ನವೆಂಬರ್ ಚಳಿಯ ಪಾಲು. ಅವನಿ ಅದನ್ನೆತ್ತಿ ಸ್ವೆಟರಿನೊಳಗೆ ಇಟ್ಟುಕೊಂಡಳು. ಅದು ಮಲಗಿದ್ದ ಜಾಗದಲ್ಲಿ ಒಂದು ಸಣ್ಣ ಕರಿ ವೈರಿನ ತುದಿ ಬಿದ್ದಿತ್ತು.

ಪ್ರಹ್ಲಾದ ವೈರನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

"ಇದು ಇಲ್ಲಿಗೆ ಹೇಗೆ ಬಂತು?"

"ಅದಾ? ಹಿಟ್ಟಿಗೆ ಬೀಳ್ತಿತ್ತು, ತೆಗೆದು ಆಚೆ ಇಟ್ಟೆ. ನಿಮ್ಮ ವೈರು ಸಕ್ಕರೇಲೂ ಇರತ್ತೆ, ಸಾಸಿವೇಲೂ ಇರತ್ತೆ. ಇದೊಂದು ರಾಜವೈರು ಅಂತ ನನಗೇನು ಕನಸು ಬೀಳತ್ತಾ?"

"ಅದು ಸೆನ್ಸರ್ ಕಣೇ! ರಾತ್ರಿಯಿಡೀ ಬೀದಿ ಚಳಿ ಎಷ್ಟಿದೆ ಅಂತ ವರದಿ ಕೊಟ್ಟಿದೆ! ನನ್ನ ಥರ್ಮೋಸ್ಟಾಟ್ ಇಡೀ ಲಿಂಕೋಪಿಂಗನ್ನ ಬಿಸಿ ಮಾಡೋಕೆ ಹೊರಟಿತ್ತು!"

"ಮುಟ್ಟಿ ನೋಡಿದ್ರೆ ಗೊತ್ತಾಗ್ತಿತ್ತು."

ಪ್ರಹ್ಲಾದ ಎಲ್ಲಾದರೂ ಹೋಗಿಬಿಡೋಣವೆಂದು ಬಾಗಿಲ ಬಳಿ ನಡೆದು ಬೂಟು ಎತ್ತಿದ. ಬೂಟು ಭಾರವಾಗಿತ್ತು. ಒಳಗಿಂದ ಬುಲ್ಲೆ ತಲೆಯೆತ್ತಿ ನಾಲಿಗೆ ಚಾಚಿತು.

ಲೀನಾ ಗೂಡಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಸಭ್ಯ ಹುಡುಗಿ. "ತುಂಬಾ ಚೆನ್ನಾಗಿ ಕಟ್ಟಿದ್ದೀರಿ," ಎಂದು ಸ್ವೀಡಿಷ್‌ನಲ್ಲಿ ಹೇಳಿದಳು. ಸ್ವಲ್ಪ ತಡೆದು, "ಹಾವಿಗಲ್ಲ," ಎಂದು ಸೇರಿಸಿದಳು. ಅವನಿ ಹಾವುಗಳನ್ನು ಒಯ್ಯುವ ಚೀಲ ಬಿಚ್ಚಿದಳು. ಪ್ರಹ್ಲಾದ ಆ ಚೀಲದ ಜಿಪ್ಪು ಮುಚ್ಚುವುದನ್ನು ನೋಡಲಾರದೆ ನೆಲ ಒರೆಸತೊಡಗಿದ. ಮುಗಿಯಿತು, ಇನ್ನು ಶನಿವಾರ ಎಂಬುದು ಬರೀ ಶುಕ್ರವಾರದ ಮರುದಿನ.

ಅಡುಗೆಮನೆಯಿಂದ ಚುಂಯ್ ಎಂದು ಸದ್ದು ಬಂತು. ಪಾತ್ರೆಯಲ್ಲಿ ಉಳಿದಿದ್ದ ಹಿಟ್ಟನ್ನು ಶಕುಂತಲಾ ಕಾವಲಿಗೆ ಹುಯ್ದಿದ್ದಳು. ದೋಸೆಯ ಮೈತುಂಬ ತೂತು ಬಿತ್ತು, ಅಂಚು ಗರಿಗರಿಯಾಗಿ ಎದ್ದಿತು. ಈ ದೇಶಕ್ಕೆ ಬಂದ ಮೇಲೆ ಅಂಥ ದೋಸೆ ಅವಳ ಕೈಯಿಂದ ಎದ್ದಿರಲಿಲ್ಲ. ಅವಳು ಸೆರಗಿಲ್ಲದ ಸ್ವೆಟರಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅವನಿ ತಿಂದಳು, ಇನ್ನೊಂದು ಕೇಳಿದಳು, ಮತ್ತೊಂದು ಕೇಳಿದಳು. ಲೀನಾ ಚಟ್ನಿಯನ್ನು ಚಮಚದಲ್ಲೇ ತಿಂದಳು.

"ಅಪ್ಪ," ಎಂದಳು ಅವನಿ ಬಾಯಿತುಂಬ ದೋಸೆ ಇಟ್ಟುಕೊಂಡು. "ನಂಗೂ ಒಂದು ಬಿಲ್ಡ್ ಮಾಡಿಕೊಡು. ಚಿಕ್ಕದು. ಹಾವಿಗಲ್ಲ, ಹಿಟ್ಟಿಗೆ. ನನ್ನ ರೂಮು ಫ್ರಿಜ್ ಥರ ಇದೆ. ಅಲ್ಲೇ ದೋಸೆ ಮಾಡ್ಕೊಂಡ್ರೆ ಪ್ರತೀ ವಾರ ಬಸ್ಸಲ್ಲಿ ಬರೋದು ತಪ್ಪತ್ತೆ. ನೀನು ಇಂಜಿನಿಯರ್ ಅಲ್ವಾ, ಫಟ್ ಅಂತ ಮಾಡ್ತೀಯ."

ಪ್ರಹ್ಲಾದನ ಕೈ ತಟ್ಟೆಯ ಮೇಲೇ ನಿಂತಿತು. ತಲೆಯೊಳಗೆ ನಕ್ಷೆ ತಾನಾಗಿಯೇ ಬಿಡಿಸಿಕೊಂಡಿತು: ಒಂದೇ ಡಬ್ಬ, ಗಟ್ಟಿ ಮುಚ್ಚಳ, ಸೆನ್ಸರಿಗೆ ಕೆಂಪು ಬಣ್ಣ. ಸಂಜೆಯೊಳಗೆ ಮುಗಿಸಬಹುದಾದ ಕೆಲಸ. ಈ ಸಲ ತಪ್ಪೇ ಆಗುವುದಿಲ್ಲ!

"ಇಲ್ಲ ಕಣಮ್ಮ," ಎಂದ. "ನಂಗೆ ಅದೆಲ್ಲ ಬರಲ್ಲ."

"ವಿಮಾನ ಬಿಸಿ ಮಾಡ್ತೀಯಲ್ಲ!"

"ವಿಮಾನ ಸುಲಭ. ದೋಸೆ ಹಿಟ್ಟು ನನ್ನ ಕೈಲಿ ಆಗೋ ಮಾತಲ್ಲ."

ಅವನಿ ಅಮ್ಮನ ಮುಖ ನೋಡಿದಳು. ಶಕುಂತಲಾ ಸಟ್ಟುಗ ಹಿಡಿದುಕೊಂಡೇ ಗಂಡನನ್ನು ಒಂದು ಗಳಿಗೆ ನೋಡಿದಳು.

"ನಿಜ ಅವನಿ. ನಿಮ್ಮಪ್ಪನಿಗೆ ಏನೂ ಬರಲ್ಲ. ಒಂದು ಮೊಳೆ ನೆಟ್ಟಗೆ ಹೊಡೆಯೋಕೂ ಬರಲ್ಲ. ದೋಸೆ ಬೇಕಂದ್ರೆ ಶನಿವಾರ ಇಲ್ಲಿಗೇ ಬಾ."

"ಊಫ್! ಸರಿ, ಬರ್ತೀನಿ," ಎಂದಳು ಅವನಿ.

ಮದುವೆಯಾದಾಗಿನಿಂದ ಇದೇ ಮಾತಿಗೆ ಮುನಿಸಿಕೊಂಡು ಎಷ್ಟೋ ಸಲ ಊಟ ಬಿಟ್ಟಿದ್ದ ಪ್ರಹ್ಲಾದ, ಇನ್ನೂ ನಾಲ್ಕು ಬೈಯಲಿ ದೇವರೇ ಎಂದುಕೊಂಡು, ಹೆಂಡತಿಯ ಮುಂದೆ ತಟ್ಟೆ ಒಡ್ಡಿದ.