ಜಗಳಕ್ಕೆ ಬಂದ ಬರಗಾಲ

ಮಾರಕ್ಕ: ರೀ, ತಾವು ಒದ್ದೆ ಟವಲನ್ನ ಸೋಫಾ ಮೇಲೆ ಹಾಕಿದ್ದೀರಿ. ಪರವಾಗಿಲ್ಲ, ಇರ್ಲಿ ಬಿಡಿ.

ಮುನಿರಾಜು: ಛೆ ಛೆ, ತಪ್ಪು ನಂದೇ. ಈಗ್ಲೇ ತೆಗೀತೀನಿ ಮಾರಕ್ಕನೋರೇ.

ಶಾಂತಿ: ಅಮ್ಮಾ! ಒದ್ದೆ ಟವಲಮ್ಮಾ! ಸೋಫಾ ಮೇಲೆ! ಬಯ್ಯಮ್ಮಾ!

ಮಾರಕ್ಕ: ಯಾಕೆ ಬಯ್ಬೇಕು? ಫ್ಯಾನ್ ಹಾಕಿದ್ರೆ ಒಣಗ್ತದೆ.

ಶಾಂತಿ ತಲೆ ಮೇಲೆ ಕೈ ಹೊತ್ತು ಕುಳಿತಳು. ಅವಳು ವೈಟ್‌ಫೀಲ್ಡಿನ ಒಂದು ಸ್ಟುಡಿಯೋದಲ್ಲಿ ಕಾರ್ಟೂನು ಬರೆಯುವವಳು. ಮೊಬೈಲಿನಲ್ಲಿ ವಾರಕ್ಕೊಂದು ಕಂತು ಬರುವ 'ಕೆಂಚಪ್ಪನ ಮನೆ' ಅವಳದೇ ಕೈಚಳಕ. ಬನಿಯನ್ ತೊಟ್ಟ ಡೊಳ್ಳುಹೊಟ್ಟೆಯ ಕೆಂಚಪ್ಪ, ಕೈಯಿಂದ ಸೌಟು ಕೆಳಗಿಡದ ಅವನ ಹೆಂಡತಿ ಸೌಟಮ್ಮ, ಇಬ್ಬರಿಗೂ ಬುದ್ಧಿ ಹೇಳುವ ಮಗಳು. ಇವರ ಜಗಳಗಳೆಲ್ಲ ಕುಂದಲಹಳ್ಳಿಯ ತಮ್ಮ ಮನೆಯಿಂದಲೇ ಸಾಗಿಹೋಗುತ್ತಿವೆ ಎಂಬುದು ಹೆತ್ತವರಿಗೆ ಹೋದ ವಾರವಷ್ಟೇ ತಿಳಿಯಿತು. ಅಂದಿನಿಂದ ಮನೆಯಲ್ಲಿ ಜಗಳ ಬಂದ್. ನನ್ನನ್ನು ಕೇಳಿದರೆ, ಜಗಳವಿಲ್ಲದ ಮನೆಯಲ್ಲಿ ನೆಂಟರೂ ಹೆಚ್ಚು ಹೊತ್ತು ಕೂರುವುದಿಲ್ಲ.

ಶಾಂತಿ: ಅಪ್ಪಾ, ಶುಕ್ರವಾರದೊಳಗೆ ಹೊಸ ಎಪಿಸೋಡ್ ಕೊಡ್ದಿದ್ರೆ ಕಾರ್ಟೂನ್ ನಿಲ್ಲಿಸ್ಬಿಡ್ತಾರೆ. ಕನ್ನಡದಲ್ಲೇ ಮಾಡ್ಬೇಕು ಅಂತ ಕಾಲಿಗೆ ಬಿದ್ದು ಶುರು ಮಾಡ್ಸಿದ್ದು ನಾನು. ಒಂದೇ ಒಂದು ಜಗಳ ಆಡಿ. ಚಿಕ್ಕದಾದ್ರೂ ಸಾಕು.

ಮುನಿರಾಜು: ಜಗಳ ಆರೋಗ್ಯಕ್ಕೆ ಒಳ್ಳೇದಲ್ಲಮ್ಮ.

ಮಾರಕ್ಕ: ಅತ್ತಿಬೆಲೆಯಿಂದ ನನ್ನ ತಂಗಿ ಅಶ್ವತ್ಥಮ್ಮ ಫೋನ್ ಮಾಡಿದ್ಲು. 'ಅಕ್ಕಾ, ನಿಮ್ಮನೆ ಮೋಟಾರ್ ರಿಪೇರಿ ಆಯ್ತಾ?' ಅಂದ್ಲು. ನಮ್ಮನೆ ಮೋಟಾರ್ ಕೆಟ್ಟಿರೋದು ಅವಳಿಗೆ ಎಂಗೆ ಗೊತ್ತಾಯ್ತು? ನಿನ್ನ ಕಾರ್ಟೂನ್ ನೋಡಿ! ಊರೋರ ಮೋಟಾರೆಲ್ಲಾ ರಿಪೇರಿ ಮಾಡೋ ಕೆಂಚಪ್ಪನ ಮನೇಲೇ ನೀರಿಲ್ಲ. ಸೌಟಮ್ಮ ಬಿಂದಿಗೆ ಹಿಡ್ಕೊಂಡು ಅವನ್ನ ಬೀದಿ ತುಂಬ ಓಡಿಸ್ತಾಳೆ.

ಶಾಂತಿ: ಅದಕ್ಕೆ ಸಾವಿರಾರು ಜನ ನಕ್ಕಿದ್ದಾರಮ್ಮ.

ಮಾರಕ್ಕ: ಅವರಲ್ಲಿ ಅಶ್ವತ್ಥಮ್ಮನೂ ಒಬ್ಳು. ಅದೇ ನನ್ನ ಸಂಕಟ.

ಶಾಂತಿ: ಹೆಸರು ಬದಲಾಯಿಸಿದ್ದೀನಲ್ಲ!

ಮುನಿರಾಜು: ಹೆಸರು ಬದಲಾಯಿಸ್ದೆ, ಬನಿಯನ್ ಬದಲಾಯಿಸ್ಲಿಲ್ಲ. ಕಂಕುಳ ಹತ್ರದ ತೂತು ಸಮೇತ ಬರೆದಿದ್ದೀಯ.

ಮಾರಕ್ಕ: ಆ ಮಗಳ ಚಿತ್ರ ಮಾತ್ರ ನೋಡ್ಬೇಕು. ಸೊಂಟ ಇಷ್ಟು, ಕಣ್ಣು ಇಷ್ಟಗಲ. ಬಾಯಿ ತೆಗೆದ್ರೆ ಬುದ್ಧಿಮಾತು. ಅದ್ಯಾರ ಮನೆ ಮಗಳೋ ನಂಗೆ ಗೊತ್ತಾಗ್ಲಿಲ್ಲ.

ಶಾಂತಿ: ಅದು... ಅರ್ಜೆಂಟಲ್ಲಿ ಹಂಗೆ ಬಂದ್ಬಿಡ್ತು.

ಬೇಡಿಕೊಂಡರೆ ಜಗಳ ಹುಟ್ಟದು ಎಂದು ತಿಳಿದ ಶಾಂತಿ ಚಾಡಿ ಹೇಳುವ ಹಳೆಯ ವಿದ್ಯೆಗೆ ಕೈ ಹಾಕಿದಳು. ಅವಳ ಹೆಸರಿಟ್ಟವರು ಇದನ್ನು ನೋಡಬಾರದು.

ಶಾಂತಿ: ಅಪ್ಪಾ, ಇವತ್ತು ಸಾರಿಗೆ ಉಪ್ಪೇ ಇರ್ಲಿಲ್ಲ ಅಲ್ವಾ?

ಮುನಿರಾಜು: ಉಪ್ಪಿಲ್ಲದಿದ್ರೇನು? ನಿಮ್ಮಮ್ಮನ ಕೈಗುಣ ಇತ್ತಲ್ಲ.

ಶಾಂತಿ: ಅಮ್ಮಾ, ಅಪ್ಪ ಪಕ್ಕದ ಅಪಾರ್ಟ್‌ಮೆಂಟಿನ ಹಳೇ ಮೋಟಾರ್ ತಂದು ಬೆಡ್‌ರೂಮಲ್ಲಿ ಇಟ್ಟಿದ್ದಾರೆ. ಗ್ರೀಸ್ ಸೋರ್ತಿದೆ. ನಿನ್ನ ರೇಷ್ಮೆ ಸೀರೆ ಪಕ್ಕದಲ್ಲೇ.

ಮಾರಕ್ಕ (ಹಲ್ಲು ಕಚ್ಚಿಕೊಂಡು): ಸೀರೆ... ಒಗೆದ್ರೆ... ಹೋಗ್ತದೆ.

ಮುನಿರಾಜು: ನೋಡಿದ್ಯಾ? ಬಂಗಾರದಂಥಾ ಹೆಂಗಸು. ನಿನ್ನೆ ಟ್ಯಾಂಕ್ ಹತ್ರ ಮಾತ್ರ ಅಷ್ಟೊಂದು ಅನ್ನಬಾರದಾಗಿತ್ತು.

ಮಾರಕ್ಕ ಗಂಡನನ್ನು ದುರುಗುಟ್ಟಿ ನೋಡಿದಳು.

ಶಾಂತಿ: ಯಾವ ಟ್ಯಾಂಕು?

ಮಾರಕ್ಕ: ಯಾವ ಟ್ಯಾಂಕೂ ಇಲ್ಲ.

ಶಾಂತಿ: ಟೆರೇಸ್ ಮೇಲಿನ ಟ್ಯಾಂಕಾ? ದಿನಾ ಸಂಜೆ ವಾಕಿಂಗ್ ಅಂತ ಇಬ್ರೂ ಮೇಲೆ ಹೋಗ್ತಿದ್ರಲ್ಲ, ಅದು ಜಗಳ ಆಡೋಕಾ?

ಮುನಿರಾಜು: ಏನ್ಮಾಡೋದಮ್ಮ, ಒಳಗೇ ಇಟ್ಕೊಂಡ್ರೆ ಒಟ್ಟೆ ಉಬ್ಬರಿಸ್ತದೆ.

ಶಾಂತಿ: ಹೆತ್ತ ಮಗಳಿಗೇ ಮೋಸ! ನಾನಿಲ್ಲಿ ಬರೆಯೋಕೆ ಏನೂ ಇಲ್ಲ ಅಂತ ಅಳ್ತಾ ಕೂತಿದ್ರೆ, ನೀವು ಮೇಲೆ ಹೋಗಿ ಒಳ್ಳೊಳ್ಳೇ ಜಗಳಾನೆಲ್ಲ ಪೋಲು ಮಾಡ್ತಿದ್ದೀರಾ!

ಮಾರಕ್ಕ: ಪೋಲೇನೂ ಆಗಿಲ್ಲ. ಪಕ್ಕದ ಪಿ.ಜಿ. ಹುಡುಗ್ರು ಕುರ್ಚಿ ಹಾಕ್ಕೊಂಡು ಕೇಳ್ತಾರೆ.

ಶಾಂತಿಗೆ ನಿಜಕ್ಕೂ ಅಳು ಬಂತು. ಹಗಲೂ ರಾತ್ರಿ ಬರೆದ ಕಾರ್ಟೂನು ಕಣ್ಣೆದುರೇ ಮುಚ್ಚಿಹೋಗುತ್ತಿದೆ, ಮುಚ್ಚಿಸುತ್ತಿರುವವರು ಅಪ್ಪ ಅಮ್ಮನೇ. ಮಗಳ ಕಣ್ಣೀರು ಕಂಡದ್ದೇ ಮಾರಕ್ಕ ಕರಗಿದಳು.

ಮಾರಕ್ಕ: ಅಳಬ್ಯಾಡ ಕಣೇ. ನನ್ನನ್ನ ಸೌಟಮ್ಮ ಮಾಡಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನಿಮ್ಮಪ್ಪನ್ನ ಸೋಮಾರಿ ಅಂತ ತೋರಿಸ್ದೆಯಲ್ಲ, ಅದು ಉರೀತು ನಂಗೆ. ಅವರು ಸೋಮಾರಿ ಅಲ್ಲ. ಬೆಳಗಾಗೆದ್ರೆ ದುಡಿಮೆನೇ. ಮನೇದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಮಾಡ್ತಾರೆ.

ಮುನಿರಾಜು: ನಂದೂ ಅಷ್ಟೇಯ. ನನ್ನ ಒಟ್ಟೆ ಎಷ್ಟು ದೊಡ್ಡದಾದ್ರೂ ಬರ್ಕೋ. ನಿಮ್ಮಮ್ಮನ್ನ ಸುಮ್‌ಸುಮ್ನೆ ಕಿರುಚೋಳು ಅಂತ ತೋರಿಸಿದ್ದು ತಪ್ಪು. ಅವಳು ಅದಕ್ಕಿಂತ ಜೋರಾಗೇ ಕಿರುಚ್ತಾಳೆ, ಆದ್ರೆ ಕಾರಣ ಇರ್ತದೆ.

ಮಾರಕ್ಕ: ಏನಂದ್ರಿ?

ಮುನಿರಾಜು: ನಿನ್ನ ಪರವಾಗಿ ಮಾತಾಡ್ದೆ ಕಣೇ.

ಮಾರಕ್ಕ: ಇದ್ಯಾವ ಸೀಮೆ ಪರ?

ಮುನಿರಾಜು: 'ಮನೇದೊಂದು ಬಿಟ್ಟು' ಅಂದ್ಯಲ್ಲ, ಅದ್ಯಾವ ಸೀಮೆ ಪರ?

ಮಾರಕ್ಕ: ಸುಳ್ಳಾ ಅದು? ನೀನು ಮನೆ ಮೋಟಾರ್ ಬಿಚ್ಚಿ ಹಾಕಿ ದಸರಾ ಹೋಯ್ತು, ದೀಪಾವಳಿ ಹೋಯ್ತು, ನೆಟ್ಟು ಒಂದ್ಕಡೆ, ಬೋಲ್ಟು ಒಂದ್ಕಡೆ!

ಮುನಿರಾಜು: ಸಾಮಾನು ಸಿಗ್ಬೇಕಲ್ಲ! ಮದುವೇಲಿ ನಿಮ್ಮಪ್ಪ ಕೊಟ್ಟಿದ್ದು ಮೋಟಾರಾ ಅದು? ಅವತ್ತೇ ಕೆಮ್ತಾ ಇತ್ತು!

ಮಾರಕ್ಕ: ನಮ್ಮಪ್ಪನ ಸುದ್ದಿಗೆ ಬರಬ್ಯಾಡ! ಅವನು ಕೊಟ್ಟಿದ್ದು ಚೆನ್ನಾಗೇ ಐತೆ. ತಗೊಂಡೋನು ಸರಿ ಇಲ್ಲ!

ಮುನಿರಾಜು: ಕೇಳಿಸ್ಕೊಂಡ್ಯಾ ಶಾಂತಿ? ಈಗಿನ್ನೂ ಸೋಮಾರಿ ಅಲ್ಲ ಅಂದ್ಳು!

ಮಾರಕ್ಕ: ಸೋಮಾರೀನೇ! ಅದನ್ನ ಹೇಳೋ ಹಕ್ಕು ನಂದು. ಕಟ್ಕೊಂಡಿರೋಳು ನಾನು. ಅಶ್ವತ್ಥಮ್ಮ ಯಾಕೆ ನಗ್ಬೇಕು? ಊರೋರೆಲ್ಲಾ ಯಾಕೆ ನಗ್ಬೇಕು?

ಮುನಿರಾಜು: ನಾನೂ ಅದನ್ನೇ ಹೇಳ್ತಿರೋದು! ಇಷ್ಟು ವರ್ಷ ಈ ಗಂಟಲು ತಡ್ಕೊಂಡಿರೋನು ನಾನು. ನಗೋದಾದ್ರೆ ನಾನು ನಗ್ಬೇಕು!

ಮಾರಕ್ಕ: ನಗ್ತೀಯಾ? ಎಲ್ಲಿ, ನಗು ನೋಡಾಣ!

'ತಾವು', 'ರೀ' ಎಲ್ಲ ಕಿಟಕಿಯಿಂದ ಆಚೆ ಹಾರಿಹೋಗಿದ್ದವು. ಶಾಂತಿ ಮಂಗಳಾರತಿ ತಟ್ಟೆ ಹಿಡಿದಂತೆ ಮೊಬೈಲು ಹಿಡಿದು, ಒಂದಕ್ಷರ ಬಿಡದೆ ರೆಕಾರ್ಡ್ ಮಾಡಿಕೊಂಡು, ಯಾರ ದನಿಯೆಂದು ಹೇಳದೆ ಸ್ಟುಡಿಯೋದ ಮೇಲಧಿಕಾರಿ ಸಿದ್ದಾರ್ಥನಿಗೆ ಕಳಿಸಿಬಿಟ್ಟಳು. ಅಪ್ಪ ಅಮ್ಮ ದಣಿದು ನೀರು ಕುಡಿಯುವಷ್ಟರಲ್ಲಿ ಅವನ ಫೋನು ಬಂತು. ಒಳ್ಳೆಯ ಸುದ್ದಿಯನ್ನು ಎಲ್ಲರೂ ಕೇಳಲಿ ಎಂದು ಶಾಂತಿ ಸ್ಪೀಕರ್ ಹಾಕಿದಳು.

ಸಿದ್ದಾರ್ಥ್: ಸಾರಿ ಶಾಂತಿ, ವರ್ಕ್ ಆಗಲ್ಲ. ಒಬ್ರ ಪರವಾಗಿ ಮಾತಾಡ್ತಾ ಮಾತಾಡ್ತಾ ಅವರ ಜೊತೇನೇ ಯಾರಾದ್ರೂ ಜಗಳ ಆಡ್ತಾರಾ? ರಿಯಲ್ ಫ್ಯಾಮಿಲೀಲಿ ಹಿಂಗೆಲ್ಲ ಇರಲ್ಲ. ಆ ಲೇಡಿ ವಾಯ್ಸ್ ಅಂತೂ ಓವರ್ ಆಕ್ಟಿಂಗ್.

ಮಾರಕ್ಕ: ಯಾವನವನು?

ಮುನಿರಾಜು (ಫೋನ್ ಕಿತ್ತುಕೊಂಡು): ಓವರ್ ಆಕ್ಟಿಂಗಾ? ಸ್ವಾಮಿ, ನನ್ನ ಹೆಂಡ್ತಿ ಒಂದಿನಾನೂ ಆಕ್ಟಿಂಗ್ ಮಾಡಿದೋಳಲ್ಲ. ಬಯ್ದ್ರೆ ನಿಜವಾಗ್ಲೂ ಬಯ್ದಿರ್ತಾಳೆ! ಬೇಕಾದ್ರೆ ಆ ಪಿ.ಜಿ. ಹುಡುಗ್ರನ್ನ ಕೇಳಿ!

ಮಾರಕ್ಕ: ನಮ್ಮೆಜಮಾನ್ರು ನಂಬೋ ಅಂಗಿಲ್ವಂತಾ? ಇಂಥಾ ಪೆದ್ದುತನ ನಾಟಕದಲ್ಲಿ ಮಾಡೋಕಾಗ್ತದೇನಪ್ಪಾ? ನಿಮ್ಮನೇಲಿ ಜಗಳ ಆಡಲ್ವಾ?

ಸಿದ್ದಾರ್ಥ್: ನಮ್ಮನೇಲಾ... ಅಪ್ಪ ಅಮ್ಮ ದಾವಣಗೆರೆಯಲ್ಲಿದ್ದಾರೆ ಆಂಟಿ. ಜಗಳ ಅಂತ ಏನಿಲ್ಲ. ಜಾಸ್ತಿ ಮಾತೇ ಇಲ್ಲ. ಒಬ್ರು ಟಿ.ವಿ. ನೋಡ್ತಾರೆ, ಒಬ್ರು ಫೋನ್ ನೋಡ್ತಾರೆ.

ಮಾರಕ್ಕನ ಸಿಟ್ಟು ಸರ್ರನೆ ಇಳಿಯಿತು.

ಮಾರಕ್ಕ: ಅಯ್ಯೋ ಪಾಪ. ಒಂದು ಮಾತೂ ಇಲ್ವಾ? ಎಂಗಪ್ಪಾ ಬೆಳೆದೆ? ಭಾನುವಾರ ಊಟಕ್ಕೆ ಬಾ ಮಗ. ನಿನ್ನ ಕಣ್ಮುಂದೇನೇ ಆಡ್ತೀವಿ.

ಮುನಿರಾಜು: ನಾಟಿಕೋಳಿ ಕುಯ್ಯಿಸ್ತೀನಿ.

ಸಿದ್ದಾರ್ಥ್: ಅಂಕಲ್, ನಾನು ಕೋಳಿ ತಿನ್ನಲ್ಲ.

ಮಾರಕ್ಕ: ಕೇಳ್ದಲೇ ಕೋಳಿ ಕುಯ್ಯೋರ್ನ ಎಲ್ಲಾದ್ರೂ ನೋಡಿದ್ದೀರಾ! ಮುದ್ದೆ, ಬಸ್ಸಾರು ಮಾಡ್ತೀನಪ್ಪ.

ಮುನಿರಾಜು: ದಾವಣಗೆರೆ ಕಡೆಯೋರಿಗೆ ಮುದ್ದೆ ನುಂಗೋಕೆ ಬರ್ತದೇನೇ? ರೊಟ್ಟಿ ತಟ್ಟು.

ಮಾರಕ್ಕ: ನಾನು ತಟ್ಟಿದ್ರೆ ರೊಟ್ಟಿ ಅಲ್ಲ, ನಿನ್ನೇ ತಟ್ಟೋದು! ಮುದ್ದೆ ಅಂದ್ಮೇಲೆ ಮುದ್ದೆ!

ಮುನಿರಾಜು: ಬಂದೋನ ಗಂಟಲಿಗೆ ಸಿಕ್ಕಾಕ್ಕೊಂಡ್ರೆ ಯಾರು ಜವಾಬ್ದಾರಿ?

ಶಾಂತಿ (ಫೋನನ್ನು ಬಾಯಿಗೆ ಹತ್ತಿರ ಹಿಡಿದು): ಸಾರಿ ಸಿದ್ದಾರ್ಥ್, ಇವರು ಇನ್ನು ನಿಲ್ಲಿಸಲ್ಲ. ನಾನು ಇಡ್ತೀನಿ.

ಸಿದ್ದಾರ್ಥ್: ಏಯ್, ಇಡ್ಬೇಡ ಕಣೇ! ಇದು ಆಕ್ಟಿಂಗ್ ಅಲ್ಲ ಅಂತ ಗೊತ್ತಾಯ್ತು. ಕಾರ್ಟೂನೂ ನಿಲ್ಸಲ್ಲ, ಈ ಫೋನೂ ಇಡಲ್ಲ. ನಮ್ಮಪ್ಪ ಅಮ್ಮನ್ನೂ ಲೈನಿಗೆ ಸೇರಿಸ್ತಿದ್ದೀನಿ. ರೊಟ್ಟಿ ವಿಷ್ಯ ಅಂದ್ರೆ ಅವರೂ ಬಾಯಿ ಬಿಟ್ಟೇ ಬಿಡ್ತಾರೆ!