ಕಾಕಾ ಹಿಡಿದಿಟ್ಟ ಸೀಟು

ನಮ್ಮ ಕಾಕಾ ಮನುಷ್ಯ ಒಬ್ಬರೇ, ಆದರೆ ಅವರಿಗೆ ಕೂರಲು ಎರಡು ಕುರ್ಚಿ ಬೇಕು! ಬಹಳ ದಪ್ಪಗಿದ್ದಾರೇನೋ ಎಂದುಕೊಳ್ಳಬೇಡಿ. ಜೋರಾಗಿ ಗಾಳಿ ಬೀಸಿದರೆ ನನ್ನ ಅಂಗಡಿಯ ಕಂಬ ಹಿಡಿದುಕೊಳ್ಳುವಂಥ ಆಳು. ಗೋಕಾಕದ ಪೇಟೆಯಲ್ಲಿ ನನ್ನ ಕಿರಾಣಿ ಅಂಗಡಿಯ ಎದುರಿಗೇ ಸಾರ್ವಜನಿಕ ವಾಚನಾಲಯವಿದೆ. ದಿನಾ ಮುಂಜಾನೆ ಕಾಕಾ ಬಂದು, ಹೊರಗೆ ನಿಂತು, ಕಿಟಕಿಯಿಂದ ಒಳಗೆ ಒಂದು ಟವೆಲ್ ಎಸೆಯುತ್ತಾರೆ. ಅದು ಅವರ ಕುರ್ಚಿಗೆ. ಆಮೇಲೆ ಕೆಂಪು ಅಂಚಿನ ಇನ್ನೊಂದು. ಅದು ಪಕ್ಕದ, ಅಂದರೆ ಬಾಜೂ ಕುರ್ಚಿಗೆ. ಆ ಕುರ್ಚಿಯಲ್ಲಿ ಯಾರಾದರೂ ಕೂತಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಬಾಗಿಲು ತೆರೆದೇ ಇರುವಾಗ ಕಿಟಕಿಯಿಂದೇಕೆ ಎನ್ನುತ್ತೀರಾ? ಕಾಕಾ ಬಸ್ ಕಂಡಕ್ಟರ್ ಆಗಿದ್ದವರು! ಗೋಕಾಕ–ಮೂಡಲಗಿ, ಗೋಕಾಕ–ಹುಕ್ಕೇರಿ ಬಸ್ಸುಗಳಲ್ಲಿ ಜೀವಮಾನ ಸವೆಸಿದರು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಬಿತ್ತೆಂದರೆ ಮುಗಿಯಿತು, ಅದು ನೋಂದಣಿಯಾದ ಆಸ್ತಿ ಇದ್ದ ಹಾಗೆ. ಅಂಥ ಎಷ್ಟೋ ಸೀಟಿನ ಜಗಳಗಳಿಗೆ ಕಾಕಾ ನಿಂತಲ್ಲೇ ತೀರ್ಪು ಕೊಟ್ಟವರು. ನಿವೃತ್ತರಾದ ಮೇಲೂ ಚಟ ಬಿಡಬೇಕಲ್ಲ? ವಾಚನಾಲಯದ ಬಾಗಿಲಲ್ಲಿ ಯಾರಾದರೂ ನಿಂತರೆ "ಒಳಗ ಸರೀರಿ, ಒಳಗ ಸರೀರಿ, ನಡುವ ಜಾಗಾ ಐತಿ!" ಎಂದು ಕೂಗಿಯೇ ಬಿಡುತ್ತಾರೆ.

ನಾನು ವ್ಯಾಪಾರಸ್ಥ. ಲಾಭವಿಲ್ಲದೆ ಯಾರೂ ಜಾಗ ಹಿಡಿಯುವುದಿಲ್ಲ ಎಂಬುದು ನನ್ನ ನಂಬಿಕೆ. ಒಂದು ದಿನ ಕೇಳಿಯೇ ಬಿಟ್ಟೆ.

"ಕಾಕಾ, ಆ ಬಾಜೂ ಸೀಟ ಯಾರಿಗ್ರಿ?"

"ಬರೋರಿಗೆ."

"ಯಾವಾಗ ಬರ್ತಾರ್ರಿ?"

"ಬಸ್ಸ ಬಂದಾಗ!"

ಇಂಥವರ ಹತ್ತಿರ ಚೌಕಾಸಿ ಮಾಡುವುದು ಹೇಗೆ ಹೇಳಿ?

ಮನೆಯಲ್ಲಿ ಅವರ ಹೆಂಡತಿ ಕಾಕೂದು ಇನ್ನೊಂದು ತಮಾಷೆ. ನನ್ನ ಅಂಗಡಿಯಿಂದ ಜೀರಿಗೆ ತರಿಸಿದರೆ ಮೊದಲು ಓದುವುದು ಪೊಟ್ಟಣದ ಕಾಗದ! ರದ್ದಿ ಪೇಪರು ಅರ್ಧಕ್ಕೇ ಹರಿದಿರುತ್ತದೆ. "ಬಾವ್ಯಾಗ ಬಿದ್ದ ಎಮ್ಮಿ ಮ್ಯಾಲ ಬಂತೋ ಇಲ್ಲೋ? ಮುಂದಿಂದು ಇಲ್ಲಲ್ರಿ!" ಎಂದು ಗಂಡನ ಬೆನ್ನು ಹತ್ತುತ್ತಾರೆ. ಕಾಕಾ ವಾಚನಾಲಯದ ಹಳೆಯ ಪತ್ರಿಕೆಗಳಲ್ಲಿ ಎಮ್ಮೆಯನ್ನು ಹುಡುಕಿ, ಸಂಜೆ ಬಂದು ವರದಿ ಒಪ್ಪಿಸುತ್ತಾರೆ. "ನೀನಽ ಬಂದು ಓದಬಾರದ?" ಎಂದು ಕಾಕಾ ಕೇಳಿದರೆ ಕಾಕೂ ಸೆರಗು ಕೊಡವುತ್ತಾರೆ. "ಗಂಡಸರು ಕುಂಡ್ರೂ ಜಾಗಾ ಅದು. ನಾ ಒಲ್ಲೆ."

ಹೀಗಿರುವಾಗ, ವಾಚನಾಲಯದ ಜಾಗ ಮಾರಿ ಅಲ್ಲಿ ಅಂಗಡಿಗಳ ದೊಡ್ಡ ಕಟ್ಟಡ ಎಬ್ಬಿಸಬೇಕೆಂದು ಮೇಲಿನವರಿಗೆ ಹೊಳೆಯಿತು. ಪುಸ್ತಕಗಳನ್ನು "ತಾತ್ಕಾಲಿಕ"ವಾಗಿ ಬೇರೆಡೆ ಸಾಗಿಸುತ್ತಾರಂತೆ. ತಾತ್ಕಾಲಿಕ ಎಂದರೆ ಎಷ್ಟು ದಿನ ಎಂದು ವ್ಯಾಪಾರಸ್ಥನಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಕಾಕಾನಿಗೆ ಬುದ್ಧಿ ಹೇಳಿದೆ. "ಜಗಳಾಡಿ ಏನ ಸಿಗತೈತ್ರಿ? ಹೊಸಾ ಕಟ್ಟಡದಾಗ ಮ್ಯಾಲಿನ ಮಜಲಿಗೆ ಒಂದು ಖೋಲಿ ಕೇಳ್ರಿ. ಎರಡು ಕೇಳ್ರಿ, ಒಂದಕ್ಕ ಇಳೀರಿ." (ಕೆಳಗಿನ ಮೂಲೆಯ ಅಂಗಡಿಯ ಮೇಲೆ ನನ್ನ ಕಣ್ಣೂ ಇತ್ತು, ಸುಳ್ಳೇಕೆ?)

ಕಾಕಾ ನನ್ನನ್ನು ಟಿಕೀಟಿಲ್ಲದ ಪ್ರಯಾಣಿಕನ ಹಾಗೆ ನೋಡಿದರು. "ಮ್ಯಾಲಿನ ಮಜಲಿಗೆ ಮಂಡಿನೋವಿನವರು ಹತ್ತತಾರೇನಲೇ?"

ಮರುದಿನದಿಂದಲೇ ಚಳವಳಿ ಶುರು! ಮೂಡಲಗಿ ಬಸ್ಸು ಹತ್ತಿದರು, ಹುಕ್ಕೇರಿ ಬಸ್ಸು ಹತ್ತಿದರು, ನಡುವೆ ನಿಂತು ಭಾಷಣ ಮಾಡಿದರು. "ಇವತ್ತ ನಮ್ಮೂರಿನ ವಾಚನಾಲಯ ಹೋದ್ರ ನಾಳೆ ನಿಮ್ಮೂರಿಂದು ಹೊಕ್ಕೈತಿ!" ಜನ ತಲೆಯಾಡಿಸುತ್ತಿದ್ದರು. ಆದರೆ ಭಾಷಣದ ಕೊನೆಗೆ ಹಳೆಯ ಚಟ ಬಾಯಿಗೆ ಬಂದುಬಿಡಬೇಕೆ? "ಇನ್ನ ಯಾರದ ಟಿಕೀಟ ಆಗಿಲ್ಲಾ?" ಎಂದರು. ಹಿಂದಿನ ಸೀಟಿನವರೆಲ್ಲ ರೊಕ್ಕ ಮುಂದೆ ಚಾಚಿದರು! ನಿಜವಾದ ಕಂಡಕ್ಟರ್ ಕಾಕಾನನ್ನು ನಡುದಾರಿಯಲ್ಲೇ ಇಳಿಸಿ ಹೋದ.

ಕಡೆಗೆ ಒಬ್ಬ ಸಾಹೇಬರು ಪರಿಶೀಲನೆಗೆ ಬರುತ್ತಾರೆಂದು ಸುದ್ದಿ ಬಂತು. ಓದುಗರು ಬರುತ್ತಾರೋ ಇಲ್ಲವೋ ನೋಡುವುದು, ಬರುವುದಿಲ್ಲವಾದರೆ ಜಾಗ ಮಾರಲು ಅಡ್ಡಿಯಿಲ್ಲ ಎಂದು ಬರೆಯುವುದು, ಇಷ್ಟೇ ಅವರ ಕೆಲಸ. ಕಾಕಾ ತಮ್ಮ ಓದುಗ ಗೆಳೆಯರನ್ನು ಕರೆದು ಆಜ್ಞೆ ಮಾಡಿದರು. "ಮನ್ಯಾಗಿನ ಟವೆಲ್ ಎಲ್ಲಾ ತರ್ರಿ! ಒಂದ ಕುರ್ಚಿ ಖಾಲಿ ಇರಬಾರದು." ಆ ಮುದುಕರು ಒಗೆದು ಒಣಹಾಕಿದ್ದ ಟವೆಲ್‌ಗಳನ್ನು ಹಗ್ಗದ ಮೇಲಿಂದ ಎಳೆದು ತಂದರು. ಎಲ್ಲ ಕುರ್ಚಿಗಳ ಮೇಲೆ ಹಾಕಿದರು. ಹಾಕಿ ಏನು ಮಾಡಿದರು ಗೊತ್ತೇ? ಸೀಟು ಹಿಡಿದಾಯಿತಲ್ಲ ಎಂದು ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋದರು!

ಸಾಹೇಬರು ಬಂದಾಗ ಒಳಗಿದ್ದವರು ಕಾಕಾ ಒಬ್ಬರೇ. ತಮಾಷೆ ನೋಡಲು ನಾನೂ ಅಂಗಡಿ ಬಿಟ್ಟು ಹೋಗಿದ್ದೆ.

"ಏನ್ರಿ ಇದು? ಅರಿವಿ ಒಣಾಕ ಹಾಕೀರೇನು?"

"ಎಲ್ಲಾ ಸೀಟ ಭರ್ತಿ ಅದಾವ್ರಿ ಸಾಹೇಬ್ರ."

"ಮಂದಿ ಎಲ್ಲಿ ಅದಾರ್ರಿ?"

"ಚಾ ಕುಡಿಯಾಕ ಹೋಗ್ಯಾರ್ರಿ. ಟವೆಲ್ ಐತಲ್ರಿ!"

ಸಾಹೇಬರು ಸಿಟ್ಟಿನಿಂದ ಒಂದು ಟವೆಲ್ ತೆಗೆದು ಕೂರಲು ಕೈ ಚಾಚಿದರು. ಕಾಕಾ ಮೆತ್ತಗೆ ಕೇಳಿದರು. "ತಮ್ಮ ಊರು ಯಾವುದ್ರಿ?"

"ಹುಕ್ಕೇರಿ."

"ಹುಕ್ಕೇರಿಯವರು! ತಗೀರಿ ನೋಡೂಣು."

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಅದೇ ಬಸ್ಸುಗಳಲ್ಲಿ ಓಡಾಡಿ ಬೆಳೆದ ಕೈಯಲ್ಲವೇ! ಸಾಹೇಬರು ನಿಂತೇ ಉಳಿದರು. ಆದರೆ ನಿಂತುಕೊಂಡೂ ಬರೆಯಬಹುದಲ್ಲ? "ಟವೆಲ್ ಓದಂಗಿಲ್ಲ ಕಾಕಾ," ಎಂದು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. "ಓದೋ ಮಂದಿ ಕಾಣಲಿಲ್ಲಂದ್ರ ನಾ ಹಂಗಽ ಬರೀಬೇಕಾಗತೈತಿ."

ಕಾಕಾನ ಮುಖ ಮೊದಲ ಸಲ ಇಳಿದುಹೋಯಿತು.

ಅಷ್ಟರಲ್ಲಿ ಹೊರಗೆ ಗದ್ದಲ! ಹಗ್ಗದ ಮೇಲಿನ ಟವೆಲ್ ಕಾಣದೆ, ಹುಡುಕುತ್ತ ಓಣಿಯ ಹೆಂಗಸರೆಲ್ಲ ಬಂದಿದ್ದರು. ಮುಂದೆ ಕಾಕೂ, ಹಿಂದೆ ಪಕ್ಕದ ಮನೆಯ ಹಸೀನಾಬಿ, ಅವರ ಹಿಂದೆ ದಂಡು. "ಸ್ನಾನಾ ಮಾಡಿದವರು ಬಚ್ಚಲದಾಗಽ ನಿಂತಾರ! ಎಲ್ಲೈತಿ ನನ್ನ ಟವೆಲ್?" ಎಂದು ಹಸೀನಾಬಿ ಗುಡುಗಿದರು.

ಕಾಕಾ ಎದ್ದು ನಿಂತರು. ಎದೆಯೊಳಗಿಂದ ಹಳೆಯ ಕಂಡಕ್ಟರ್ ದನಿ ಬಂತು. "ಟವೆಲ್ ಯಾರದೋ ಸೀಟ ಅವರದು! ನಿಮ್ಮ ನಿಮ್ಮ ಟವೆಲ್ ನೋಡಿ ಕುಂಡರ್ರಿ! ಒಳಗ ಸರೀರಿ, ಒಳಗ ಸರೀರಿ!"

ಯಾರು ತಾನೆ ತಮ್ಮ ಹಕ್ಕಿನ ಸೀಟು ಬಿಟ್ಟಾರು? ಕೂತರು. ಕೂತ ಮೇಲೆ ಮುಂದಿದ್ದ ಪತ್ರಿಕೆ ತಿರುವಿದರು. ಹಸೀನಾಬಿ ಬೈಯುತ್ತಲೇ ಒಂದು ಪುಟ ಓದಿ, ಎರಡನೆಯದಕ್ಕೆ ಬೈಯುವುದನ್ನೂ ಮರೆತರು. ಚಹಾ ಕುಡಿದು ಬಂದ ಮುದುಕರಿಗೆ ನಿಲ್ಲಲೂ ಜಾಗವಿಲ್ಲ! ಸಾಹೇಬರು ನಗುತ್ತ, ವಾಚನಾಲಯ ಭರ್ತಿ ಇತ್ತು, ತಮಗೇ ಕುರ್ಚಿ ಸಿಗಲಿಲ್ಲ ಎಂದು ಬರೆದುಕೊಂಡು ಹೋದರು. ಮಾರುವ ಮಾತು ಸದ್ಯಕ್ಕೆ ನಿಂತಿದೆ. ನನ್ನ ಮೂಲೆಯ ಅಂಗಡಿಯೂ ಅದರ ಜೊತೆ ನಿಂತಿತು, ಇರಲಿ ಬಿಡಿ.

ಆದರೆ ನಾನು ನೋಡುತ್ತಿದ್ದುದು ಕಾಕೂನನ್ನು. ಎಲ್ಲರೂ ಕೂತರೂ ಅವರು ಕೆಂಪು ಅಂಚಿನ ಟವೆಲ್ ಕೈಯಲ್ಲಿ ಹಿಡಿದು ನಿಂತೇ ಇದ್ದರು.

"ಇದು ನಂದು. ಹುಕ್ಕೇರಿ ಸಂತ್ಯಾಗ ತಗೊಂಡಿದ್ದು. ಕಳದೈತಿ ಅಂದಿದ್ರಲ್ರಿ?"

ಕಾಕಾ ನೆಲ ನೋಡಿದರು. "ನನ್ನ ಬಸ್ಸಿನಾಗ ನೀ ಬಂದಾಗೆಲ್ಲಾ ಯಾರ್ಯಾರದೋ ಬಾಜೂ ಕುಂತಿ. ನಾ ನಿಂತಽ ಇರತಿದ್ದೆ. ಒಮ್ಮೆರ ಬಾಜೂ ಬಾಜೂ ಕುಂಡರೂಣು ಅಂತ... ಸೀಟ ಹಿಡದಿಟ್ಟಿದ್ದೆ."

ಕಾಕೂ ಬಾಜೂ ಕುರ್ಚಿ ಎಳೆದುಕೊಂಡರು. ಟವೆಲ್ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತರು. ಪತ್ರಿಕೆ ಬಿಡಿಸಿದರು. ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದರು. ಎಲ್ಲೂ ಹರಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕಾಕಾ ಮೆಲ್ಲಗೆ ಕೇಳಿದರು. "ಮುಂದ ಏನಾತು?"

"ತಡೀರಿ," ಎಂದರು ಕಾಕೂ, ಕಣ್ಣೆತ್ತದೆ. "ಇನ್ನಽ ಓದಾಕತ್ತೇನಿ."

ಕಾಕಾ ಕೈಕಟ್ಟಿಕೊಂಡು, ಬಾಜೂ ಸೀಟಿನಲ್ಲಿ, ಕಾಯುತ್ತ ಕೂತರು.