ಪಪ್ಪಾಯಿ ಗಿಡದ ಬಗ್ಗೆ ನಾನು ಮಾಡಿದ ಭಾಷಣ

ಮಾಸ್ತರರಿಗೆ ಒಂದು ಚಟವಿರುತ್ತದೆ. ಗೊತ್ತಿದ್ದದ್ದನ್ನು ಹೇಳದೆ ಇರಲಾರರು. ಹೈಸ್ಕೂಲಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನಗೆ ಅದು ತುಸು ಹೆಚ್ಚೇ ಇತ್ತು. ಹೀಗಾಗಿ ಊರಿನ ಮಹಿಳೆಯರ ಸಂಘದವರು “ಏನಾರ ನಾಲ್ಕು ಮಾತು ಹೇಳ್ರಿ” ಎಂದು ಕರೆದಾಗ, ಎರಡನೆಯ ಸಲ ಕರೆಸಿಕೊಳ್ಳಲಿಲ್ಲ.

ಕಮರಿಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಒಂದೇ ದಿನ ನೆಟ್ಟ ಎರಡು ಪಪ್ಪಾಯಿ ಗಿಡಗಳಿದ್ದವು. ಬೆಳೆದ ಮೇಲೆ ಒಂದು ಗಂಡಾಯಿತು, ಒಂದು ಹೆಣ್ಣಾಯಿತು. ಅವನ್ನೇ ವಿಷಯ ಮಾಡಿಕೊಂಡೆ. ಗಂಡು ಗಿಡ ಹೂ ಉದುರಿಸಿದರೆ ಅದರ ಕೆಲಸ ಮುಗಿಯಿತು; ಉಳಿದ ಶಕ್ತಿಯಲ್ಲಿ ಸೊಂಪಾಗಿ ಬೆಳೆದು ಮಾಳಿಗೆ ಮುಟ್ಟಿದೆ. ಹೆಣ್ಣು ಗಿಡವೋ, ತಿಂಗಳುಗಟ್ಟಲೆ ಕಾಯಿ ಹೊತ್ತು, ತಾನುಂಡದ್ದನ್ನೆಲ್ಲ ಅವಕ್ಕೇ ಉಣಿಸಿ, ಕಿಟಕಿಯ ಎತ್ತರಕ್ಕೇ ನಿಂತುಬಿಟ್ಟಿದೆ, ಎಲೆಗಳೂ ಸಣ್ಣವಾಗಿವೆ. ಅದಕ್ಕೆ ಹೆಚ್ಚು ಗೊಬ್ಬರ ಬೇಕು, ನಡುನಡುವೆ ವಿಶ್ರಾಂತಿ ಬೇಕು ಎಂದು ಮೇಜು ಕುಟ್ಟಿ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ನಮ್ಮ ನಾಲ್ಕನೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ನನ್ನ ಹೆಂಡತಿ ಶಾಂತಾ ಮಾತ್ರ ತಟ್ಟಲಿಲ್ಲ. ಕೈ ಖಾಲಿ ಇರಲಿಲ್ಲವೆಂದು ತಿಳಿದೆ.

ಸಭೆ ಮುಗಿಸಿ ಟಾಂಗಾದಲ್ಲಿ ಮನೆಗೆ ಹೊರಟೆವು. ದುರ್ಗದಬೈಲ್ ಪೇಟೆ ದಾಟಿದ ಮೇಲೆ ಆಕೆ ಕೇಳಿದಳು, “ನೀವು ಹೇಳಿದ್ದು ಖರೇ ಏನ್ರಿ?”

“ಶಾಸ್ತ್ರ ಎಂದಾದ್ರೂ ಸುಳ್ಳು ಹೇಳ್ತೈತೇನು?” ಎಂದೆ.

“ಹಂಗಾದ್ರ ನಾಳೆ ನಾ ಧಾರವಾಡಕ್ಕ ಅವ್ವನ ಮನಿಗೆ ಹೋಗ್ತೀನ್ರಿ. ಎರಡು ತಿಂಗಳು. ಕೂಸು ನನ್ನ ಕೂಡ ಬರ್ಲಿ, ಉಳಿದ ಮೂರು ಮಕ್ಕಳು ನಿಮ್ಮ ಹತ್ರ ಇರ್ಲಿ.”

“ಮೂರೂ? ಅಡಿಗಿ ಯಾರು ಮಾಡಬೇಕು?”

“ನಿಮ್ಮಲ್ಲಿ ಶಕ್ತಿ ಉಳದೈತಲ್ರೀ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ಹೋದ ವಾರ ಬಾವಿಕಟ್ಟೀ ಮ್ಯಾಲ ಕಣ್ಣಿಗೆ ಕತ್ತಲಿ ಬಂದು ಕುಂತಬಿಟ್ಟಿದ್ದೆ. ನಿಮಗ ಹೇಳಲಿಲ್ಲ.”

ಗಿಡದ ಎಲೆಯನ್ನು ಗೇಣು ಹಾಕಿ ಅಳೆದವನು, ಆಕೆಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದುದನ್ನು ಆಗಲೇ ನೋಡಿದೆ. ಮರುದಿನ ನಾನೇ ರೈಲು ಹತ್ತಿಸಿ ಬಂದೆ.

ನಾನು ಬಡಿದ ಮೊದಲ ರೊಟ್ಟಿಯನ್ನು ಹಿರಿಯ ಮಗ ಹಲ್ಲಿನಿಂದ ಎಳೆದು ನೋಡಿ, ತಮ್ಮನಿಗೆ ಆಡಲು ಕೊಟ್ಟ. ಮಗಳ ಜಡೆ ಹೆಣೆಯುವುದರಲ್ಲಿ ಶಾಲೆಯಲ್ಲಿ ನನ್ನ ಮೊದಲ ತಾಸಿನ ಪಾಠ ತಪ್ಪಿ, ಹೆಡ್‌ಮಾಸ್ತರರು ಕಾರಣ ಕೇಳಿದರು. ಕಾರಣ ಹೇಳಿದೆ, ಅವರು ನಂಬಲಿಲ್ಲ. ಆದರೂ ತಿಂಗಳು ಕಳೆಯುವುದರೊಳಗೆ ರೊಟ್ಟಿ ಉಬ್ಬತೊಡಗಿತು, ಜಡೆ ಸಂಜೆಯವರೆಗೆ ನಿಲ್ಲತೊಡಗಿತು.

ಎರಡು ತಿಂಗಳಿಗೆ ಶಾಂತಾ ಬಂದಳು. ಕೆನ್ನೆ ತುಂಬಿತ್ತು, ಬಳೆಗಳು ಮುಂಗೈಯಲ್ಲೇ ನಿಂತಿದ್ದವು. ಒಲೆಯ ಮೇಲಿದ್ದ ಸಾರಿನ ರುಚಿ ನೋಡಿದಳು. ನಾನು ಸೌಟು ಹಿಡಿದು, ಪರೀಕ್ಷೆಗೆ ಕೂತ ಹುಡುಗನಂತೆ ಕಾದೆ.

“ಭಾಳ ಛಲೋ ಆಗೇತ್ರಿ,” ಎಂದಳು. “ಇನ್ನೊಂದು ತಿಂಗಳು ಇದ್ದು ಬರಬಹುದಿತ್ತು.”

ಹೊಗಳಿಕೆಗೆ ನಾನು ಅಷ್ಟು ಹೆದರಿದ್ದು ಜನ್ಮದಲ್ಲಿ ಅದೇ ಮೊದಲು.